ಕತ್ತರಿಗೂ ಒಂದು ಪಂಚಾಂಗ

ಒಂದೇ ವಯಸ್ಸಿನ, ಒಂದೇ ಜಾತಿಯ ಎರಡು ಪುಟ್ಟ ಸೇಬಿನ ಗಿಡಗಳು ಜಪಾನಿನ ಯಾವುದೋ ಮನೆಯ ಅಂಗಳದಲ್ಲಿ ಅಕ್ಕಪಕ್ಕದ ಕುಂಡಗಳಲ್ಲಿವೆ ಎಂದಿಟ್ಟುಕೊಳ್ಳೋಣ. ಎರಡೂ ಮೊಳದೆತ್ತರ. ಎರಡಕ್ಕೂ ಒಂದೇ ಮಣ್ಣು, ಒಂದೇ ಗೊಬ್ಬರ, ದಿನವೂ ಅಷ್ಟಷ್ಟೇ ನೀರು. ಏಪ್ರಿಲ್ ಬಂತೆಂದರೆ ಒಂದರ ಮೈತುಂಬ ಕೆಂಪು ಮೊಗ್ಗು ಬಿರಿದು ತಿಳಿಗುಲಾಬಿ ಹೂವಿನ ಗೊಂಚಲು ತೂಗುತ್ತವೆ. ಇನ್ನೊಂದರಲ್ಲಿ ಬರೀ ಎಲೆ. ಅದಕ್ಕೆ ರೋಗವಿಲ್ಲ, ಹುಳುವಿಲ್ಲ; ಎಲೆಗಳೂ ಸೊಂಪಾಗಿಯೇ ಇವೆ. ವ್ಯತ್ಯಾಸ ಇಷ್ಟೇ: ಹಿಂದಿನ ಅಕ್ಟೋಬರಿನಲ್ಲಿ ಎರಡನೆಯ ಗಿಡದ ಯಜಮಾನ ಕತ್ತರಿ ಹಿಡಿದು, ಬೇಲಿ ಸವರಿದಂತೆ, ಎಲ್ಲ ರೆಂಬೆಗಳ ತುದಿಯನ್ನೂ ಒಂದೇ ಸಮನಾಗಿ ಸವರಿಬಿಟ್ಟಿದ್ದ. ಗಿಡ ಚೊಕ್ಕಟವಾಗಿ ಕಂಡಿತು, ನಿಜ. ಆದರೆ ಹತ್ತು ನಿಮಿಷದ ಆ ಕೆಲಸ ಗಿಡದ ಒಂದು ವರ್ಷದ ಹೂವನ್ನು ನುಂಗಿಹಾಕಿತು.

ಬೋನ್ಸಾಯ್ ಎಂದೊಡನೆ ‘ಎಷ್ಟು ಕತ್ತರಿಸಬೇಕು’ ಎಂದು ಕೇಳುವವರೇ ಹೆಚ್ಚು. ಹೂ ಬಿಡುವ ಗಿಡದ ವಿಷಯದಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ‘ಯಾವಾಗ’ ಎಂಬುದು. ಅದರ ಉತ್ತರ ಕತ್ತರಿಯಲ್ಲಿಲ್ಲ, ಮೊಗ್ಗಿನಲ್ಲಿದೆ.

ಹತ್ತು ಕುಂಡವಿದ್ದರೆ ಊರಿಗೆ ಪ್ರವೇಶ

‘ಬೋನ್’ ಎಂದರೆ ತಟ್ಟೆಯಂಥ ಆಳವಿಲ್ಲದ ಕುಂಡ. ‘ಸಾಯ್’ ಎಂದರೆ ನೆಟ್ಟದ್ದು. ಕುಂಡದಲ್ಲಿ ಮರ ಬೆಳೆಸುವ ಈ ಕಲೆ ಚೀನಾದಲ್ಲಿ ಹುಟ್ಟಿ ಜಪಾನಿಗೆ ಹೋಗಿ ಅಲ್ಲಿ ಬೇರೂರಿತು. ಟೋಕಿಯೋದ ಉತ್ತರಕ್ಕಿರುವ ಓಮಿಯಾ ಈ ಕಲೆಯ ತವರು ಎಂದೇ ಹೆಸರಾಗಿದೆ. 1923ರ ಸೆಪ್ಟೆಂಬರಿನಲ್ಲಿ ಭಾರಿ ಭೂಕಂಪವಾಗಿ ಟೋಕಿಯೋ ನೆಲಕಚ್ಚಿದಾಗ, ಅಲ್ಲಿನ ಬೋನ್ಸಾಯ್ ಬೆಳೆಗಾರರು ಒಳ್ಳೆಯ ನೀರು, ಮಣ್ಣು, ಗಾಳಿ ಹುಡುಕಿಕೊಂಡು ಹೊರಟು 1925ರಲ್ಲಿ ಇಲ್ಲಿ ನೆಲೆಸಿದರು. 1928ರಲ್ಲಿ ಅವರು ಮಾಡಿಕೊಂಡ ನಿಯಮಗಳು ಸ್ವಾರಸ್ಯಕರವಾಗಿವೆ: ಇಲ್ಲಿ ವಾಸಿಸುವವರು ಕನಿಷ್ಠ ಹತ್ತು ಬೋನ್ಸಾಯ್ ಇಟ್ಟುಕೊಂಡಿರಬೇಕು, ನೋಡಲು ಬಂದವರಿಗೆ ಬಾಗಿಲು ತೆರೆದಿರಬೇಕು, ಮಹಡಿ ಮನೆ ಕಟ್ಟಬಾರದು, ಕಾಂಪೌಂಡಿಗೆ ಗೋಡೆಯ ಬದಲು ಹಸಿರು ಬೇಲಿ ಇರಬೇಕು. 2010ರಲ್ಲಿ ಅಲ್ಲಿ ಬೋನ್ಸಾಯ್‌ಗೆಂದೇ ಒಂದು ವಸ್ತುಸಂಗ್ರಹಾಲಯವೂ ತೆರೆಯಿತು.

ಅಂಥ ತೋಟಗಳಲ್ಲಿ ಪೈನ್, ಜೂನಿಪರ್, ಮೇಪಲ್‌ಗಳ ನಡುವೆ ವಸಂತದಲ್ಲಿ ಕಣ್ಣು ಸೆಳೆಯುವುದು ಕ್ರ್ಯಾಬ್ ಆಪಲ್. ಇದನ್ನು ಕನ್ನಡದಲ್ಲಿ ಕಿರುಸೇಬು ಎನ್ನಬಹುದು. ಗುಲಾಬಿಯ ಕುಟುಂಬಕ್ಕೆ ಸೇರಿದ ‘ಮೇಲಸ್’ ಕುಲದಲ್ಲಿ, ಐದು ಸೆಂಟಿಮೀಟರಿಗಿಂತ ಚಿಕ್ಕ ಹಣ್ಣು ಬಿಡುವ ಗಿಡಗಳಿಗೆಲ್ಲ ಈ ಹೆಸರು. ಹೂವಿನ ಅಂದಕ್ಕಾಗಿ ಬೆಳೆಸುವ ಜಾತಿಯನ್ನು ಜಪಾನೀಯರು ‘ಹನಾ ಕೈದೋ’ ಎನ್ನುತ್ತಾರೆ. ಇದರ ಮೂಲ ಚೀನಾ. 1860ರ ದಶಕದಲ್ಲಿ ಜಾರ್ಜ್ ಹಾಲ್ ಎಂಬ ಅಮೆರಿಕನ್ ವೈದ್ಯ ಇದನ್ನು ಜಪಾನಿನಿಂದ ತನ್ನ ದೇಶಕ್ಕೆ ಕಳಿಸಿದ. ಹಾಗಾಗಿ ವಿಜ್ಞಾನಿಗಳಿಟ್ಟ ಹೆಸರು ‘ಮೇಲಸ್ ಹ್ಯಾಲಿಯಾನ’. ಗೋಲಿಯಂಥ ಕೆಂಪು ಹಣ್ಣಿಗಾಗಿ ಬೆಳೆಸುವುದು ‘ಹಿಮೆ ರಿಂಗೋ’. ಹಾಗೆಂದರೆ ರಾಜಕುಮಾರಿ ಸೇಬು!

ದೊಡ್ಡ ಸೇಬನ್ನೇ ಕುಂಡದಲ್ಲಿ ಕುಬ್ಜವಾಗಿಸಬಾರದೇಕೆ? ಆಗುವುದಿಲ್ಲವೆಂದಲ್ಲ. ಆದರೆ ಬೇರಿಗೆ ಜಾಗ ಕಡಿಮೆಯಾಗಿ, ಮೇಲಿಂದ ಮೇಲೆ ಕತ್ತರಿ ಬಿದ್ದಾಗ ಎಲೆಗಳು ಚಿಕ್ಕವಾಗುತ್ತವೆ. ಹೂವು, ಹಣ್ಣು ಅಷ್ಟಾಗಿ ಚಿಕ್ಕವಾಗುವುದಿಲ್ಲ. ಮೊಳದುದ್ದದ ಮರದಲ್ಲಿ ಮುಷ್ಟಿ ಗಾತ್ರದ ಹಣ್ಣು ತೂಗಿದರೆ ಮಗುವಿನ ತಲೆಗೆ ಅಜ್ಜನ ರುಮಾಲು ಸುತ್ತಿದಂತಾದೀತು. ಹುಟ್ಟಿನಿಂದಲೇ ಹಣ್ಣು ಚಿಕ್ಕದಿರುವ ಜಾತಿಯನ್ನು ಆರಿಸುವುದು ಅದಕ್ಕೇ.

ಇಲ್ಲೊಂದು ತಪ್ಪು ಕಲ್ಪನೆಯನ್ನೂ ತಿದ್ದಬೇಕು. ಬೋನ್ಸಾಯ್ ಜನ್ಮತಃ ಕುಳ್ಳ ಗಿಡವಲ್ಲ. ಅದರ ವಂಶವಾಹಿಗಳಲ್ಲಿ ಯಾವ ಬದಲಾವಣೆಯೂ ಆಗಿರುವುದಿಲ್ಲ. ಕುಂಡದಿಂದ ತೆಗೆದು ನೆಲಕ್ಕೆ ನೆಟ್ಟರೆ ಕೆಲವೇ ವರ್ಷಗಳಲ್ಲಿ ಅದು ಎಲ್ಲ ಮರಗಳಂತೆ ಎದ್ದು ನಿಲ್ಲುತ್ತದೆ. ಹಸಿವಿನಲ್ಲಿಟ್ಟು ಕುಳ್ಳಾಗಿಸುತ್ತಾರೆಂಬ ಮಾತೂ ಸರಿಯಲ್ಲ. ಚೆನ್ನಾಗಿ ಉಣಿಸಿ, ಚೆನ್ನಾಗಿ ಬೆಳೆಯಲು ಬಿಟ್ಟು, ಬೆಳೆದದ್ದನ್ನು ಹೊತ್ತು ನೋಡಿ ಕತ್ತರಿಸುವುದೇ ಇದರ ಗುಟ್ಟು.

ತುದಿಯ ದರ್ಬಾರು

ಕತ್ತರಿಸಿದರೆ ಗಿಡ ಏಕೆ ಪೊದೆಯಾಗುತ್ತದೆ? ಪ್ರತಿ ಎಲೆಯ ಕಂಕುಳಲ್ಲೂ ಒಂದು ಮೊಗ್ಗು ಅಡಗಿರುತ್ತದೆ. ರೆಂಬೆಯ ತುದಿಮೊಗ್ಗು ಬೆಳೆಯುತ್ತಿರುವವರೆಗೆ ಕೆಳಗಿನ ಈ ಮೊಗ್ಗುಗಳು ತೆಪ್ಪಗಿರುತ್ತವೆ. ಇದಕ್ಕೆ ತುದಿಪ್ರಾಬಲ್ಯ ಎನ್ನುತ್ತಾರೆ. ಹಾಲೆಂಡಿನ ಫ್ರಿಟ್ಸ್ ವೆಂಟ್ 1926ರಲ್ಲಿ ಓಟ್ಸ್ ಸಸಿಯ ತುದಿಯಿಂದ ಬೆಳವಣಿಗೆಯ ಚೋದಕವೊಂದು ಇಳಿದುಬರುತ್ತದೆಂದು ತೋರಿಸಿದ. ಅದೇ ಆಕ್ಸಿನ್. 1933ರಲ್ಲಿ ಕೆನೆತ್ ಥೀಮನ್ ಮತ್ತು ಫೋಕ್ ಸ್ಕೂಗ್ ಎಂಬ ವಿಜ್ಞಾನಿಗಳು ಅಮೆರಿಕದಲ್ಲಿ ಅವರೆಯ ಜಾತಿಯ ಸಸಿಗಳ ತುದಿ ಕತ್ತರಿಸಿ, ಅಲ್ಲಿ ಆಕ್ಸಿನ್ ಇಟ್ಟು ನೋಡಿದರು. ತುದಿ ಇಲ್ಲದಿದ್ದರೂ ಕೆಳಗಿನ ಮೊಗ್ಗುಗಳು ಏಳಲಿಲ್ಲ!

ಕಥೆ ಅಲ್ಲಿಗೇ ಮುಗಿಯಲಿಲ್ಲ. 2008ರಲ್ಲಿ ಫ್ರಾನ್ಸ್ ಮತ್ತು ಜಪಾನಿನ ತಂಡಗಳು ಕವಲೊಡೆಯುವುದನ್ನು ತಡೆಯುವ ಇನ್ನೊಂದು ಚೋದಕವನ್ನು ಗುರುತಿಸಿದವು. ಅದರ ಹೆಸರು ಸ್ಟ್ರೈಗೋಲ್ಯಾಕ್ಟೋನ್. 2014ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಬಟಾಣಿ ಗಿಡದ ಮೇಲೆ ಪ್ರಯೋಗ ಮಾಡಿ, ತುದಿ ಹೋದ ಕೂಡಲೇ ಕೆಳಮೊಗ್ಗನ್ನು ಮೊದಲು ಎಬ್ಬಿಸುವುದು ಸಕ್ಕರೆ ಎಂದು ಕಂಡುಕೊಂಡರು. ಬೆಳೆಯುವ ತುದಿ ಸಕ್ಕರೆಯನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತಿರುತ್ತದೆ. ತುದಿ ಹೋದರೆ ಆ ಸಕ್ಕರೆ ಕೆಳಗಿನವರ ಪಾಲಿಗೆ ಬರುತ್ತದೆ. ಮನೆಯ ಯಜಮಾನ ಊಟಕ್ಕೇಳುವುದು ತಡವಾದರೆ ಮಕ್ಕಳ ತಟ್ಟೆಗೆ ಹೋಳಿಗೆ ಹೆಚ್ಚು ಬೀಳುವಂತೆ.

ಬೋನ್ಸಾಯ್ ಕಲಾವಿದನ ಕತ್ತರಿ ಮಾಡುವುದು ಈ ಹಂಚಿಕೆಯನ್ನೇ. ಬಲವಾದ ಮೇಲ್ತುದಿಯನ್ನು ಕತ್ತರಿಸಿ ದುರ್ಬಲ ಕೆಳರೆಂಬೆಗಳಿಗೆ ಅವಕಾಶ ಕೊಡುವುದು. ಉದ್ದಕ್ಕೆ ಹೋಗುವ ಬಲವನ್ನು ಗಿಡ್ಡ ಕವಲುಗಳತ್ತ ತಿರುಗಿಸುವುದು.

ಹೂವಿನ ತೀರ್ಮಾನ ಎಂದು?

ಸೇಬಿನ ಜಾತಿಯಲ್ಲಿ ಹೂವು ಬರುವುದು ಹೆಚ್ಚಾಗಿ ಬೆರಳಿಗಿಂತ ಗಿಡ್ಡವಾದ ಕವಲುಗಳ ತುದಿಯಲ್ಲಿ. ಏಪ್ರಿಲ್‌ನಲ್ಲಿ ಬಿರಿಯುವ ಹೂವು ಏಪ್ರಿಲ್‌ನಲ್ಲಿ ರೂಪುಗೊಳ್ಳುವುದಿಲ್ಲ. ಹಿಂದಿನ ವರ್ಷದ ಬೇಸಿಗೆಯಲ್ಲಿ, ಜಪಾನಿನ ಮಟ್ಟಿಗೆ ಜುಲೈ-ಆಗಸ್ಟಿನ ಸುಮಾರಿಗೆ, ಮೊಗ್ಗು ತಾನು ಎಲೆಯಾಗಬೇಕೇ ಹೂವಾಗಬೇಕೇ ಎಂಬ ದಾರಿ ಹಿಡಿಯುತ್ತದೆ. ಚಳಿಗಾಲ ಬರುವಷ್ಟರಲ್ಲಿ ದಳ, ಕೇಸರಗಳ ಪುಟ್ಟ ಆಕಾರಗಳು ಮೊಗ್ಗಿನೊಳಗೆ ಆಗಲೇ ಮೂಡಿರುತ್ತವೆ. ಅಕ್ಟೋಬರಿನಲ್ಲಿ ತುದಿ ಸವರಿದಾತ ಕತ್ತರಿಸಿ ಎಸೆದದ್ದು ಬರೀ ಕಡ್ಡಿಗಳನ್ನಲ್ಲ, ಹೊದ್ದು ಮಲಗಿದ್ದ ಹೂಗಳನ್ನು.

ಇದನ್ನು ತಿಳಿದರೆ ವರ್ಷದ ಕೆಲಸದ ಪಟ್ಟಿ ತಾನೇ ತಾನಾಗಿ ಮೂಡುತ್ತದೆ.

ಹೂವು ಮುಗಿದ ಮೇಲೆ: ಬಾಡಿದ ಹೂಗಳನ್ನು ತೆಗೆಯಬೇಕು. ಹೊಸ ಚಿಗುರುಗಳು ಒಮ್ಮೆಲೇ ಉದ್ದಕ್ಕೆ ಓಡತೊಡಗುತ್ತವೆ. ತಕ್ಷಣ ಚಿವುಟದೆ ಕೆಲವು ವಾರ ಬಿಡುವುದು ಲೇಸು. ಹೂವಿಗಾಗಿ ಖರ್ಚಾದ ಆಹಾರವನ್ನು ಮರಳಿ ತುಂಬುವವು ಆ ಎಲೆಗಳೇ.

ಜೂನ್ ಹೊತ್ತಿಗೆ: ಉದ್ದವಾಗಿ ಬೆಳೆದ ಚಿಗುರುಗಳನ್ನು ಬುಡದ ಎರಡು-ಮೂರು ಎಲೆ ಉಳಿಸಿ ಕತ್ತರಿಸುತ್ತಾರೆ. ಬಲ ಬುಡದ ಮೊಗ್ಗುಗಳಿಗೆ ತಿರುಗಿ, ಅವು ದುಂಡಗಾಗಲು ದಾರಿಯಾಗುತ್ತದೆ. ತಾವಾಗಿಯೇ ಗಿಡ್ಡವಾಗಿ ನಿಂತ ಕವಲುಗಳನ್ನು ಮಾತ್ರ ಮುಟ್ಟಬಾರದು. ಹೂವಿನ ಮನೆ ಅವೇ.

ಜುಲೈನಿಂದ ಎಲೆ ಉದುರುವವರೆಗೆ: ಕತ್ತರಿಗೆ ರಜೆ. ಈ ಹೊತ್ತಿನಲ್ಲಿ ಬಲವಾಗಿ ಕತ್ತರಿಸಿದರೆ, ಹೂವಾಗಬೇಕಿದ್ದ ಮೊಗ್ಗುಗಳು ಗಾಬರಿಬಿದ್ದವರಂತೆ ಎಲೆಯಾಗಿ ಒಡೆದುಬಿಡುತ್ತವೆ. ಎಲೆಗಳನ್ನು ಕಾಪಾಡುವುದೇ ಈಗಿನ ಕೆಲಸ. ವಸಂತದ ಹೂವು ಅರಳುವಾಗ ಗಿಡದಲ್ಲಿ ಎಲೆಗಳಿನ್ನೂ ಪೂರ್ತಿ ಬಲಿತಿರುವುದಿಲ್ಲ. ಅದು ಉಣ್ಣುವುದು ಈ ಶರತ್ಕಾಲದಲ್ಲಿ ಬೇರು, ಕಾಂಡಗಳಲ್ಲಿ ಕೂಡಿಟ್ಟ ಬುತ್ತಿಯನ್ನು.

ಎಲೆ ಉದುರಿದ ಮೇಲೆ, ವಸಂತಕ್ಕೆ ಮುನ್ನ: ಈಗ ಮೊಗ್ಗುಗಳು ಬರಿಗಣ್ಣಿಗೆ ಬೇರೆ ಬೇರೆಯಾಗಿ ಕಾಣುತ್ತವೆ. ದುಂಡಗೆ ಉಬ್ಬಿದ್ದು ಹೂಮೊಗ್ಗು. ತೆಳ್ಳಗೆ, ಚೂಪಾಗಿ ರೆಂಬೆಗೆ ಅಂಟಿಕೊಂಡದ್ದು ಎಲೆಮೊಗ್ಗು. ದುಂಡನೆಯದನ್ನು ಉಳಿಸಿಕೊಂಡು ಉದ್ದ ರೆಂಬೆಗಳನ್ನು ಸವರಬಹುದು. ಒಂದರ ಮೇಲೊಂದು ಹಾಯುವ, ಒಳಮುಖವಾಗಿ ಬೆಳೆಯುವ ರೆಂಬೆಗಳನ್ನು ತೆಗೆಯಲೂ ಇದೇ ಸಮಯ.

ಹೂವೋ, ಹಣ್ಣೋ, ಗಿಡವೋ?

ಹೂವಾಯಿತು, ಇನ್ನು ಹಣ್ಣು. ಸೇಬಿನ ಬಹುಪಾಲು ಜಾತಿಗಳು ತಮ್ಮ ಪರಾಗವನ್ನು ತಾವೇ ಒಪ್ಪುವುದಿಲ್ಲ. ಸ್ವಂತ ಪರಾಗದ ನಳಿಕೆ ಶಲಾಕೆಯೊಳಗೆ ಇಳಿಯುವಾಗ ಗಿಡದ ಕಿಣ್ವವೇ ಅದನ್ನು ಅರ್ಧದಾರಿಯಲ್ಲಿ ತಡೆಯುತ್ತದೆ. ಆದ್ದರಿಂದ ಹತ್ತಿರದಲ್ಲಿ ಬೇರೊಂದು ತಳಿಯ ಗಿಡ ಅದೇ ಹೊತ್ತಿಗೆ ಹೂ ಬಿಟ್ಟಿರಬೇಕು, ಜೇನ್ನೊಣವೂ ಬರಬೇಕು. ಜೇನು ಬಾರದಿದ್ದರೆ ಬೆಳೆಗಾರರು ಮೃದುವಾದ ಕುಂಚದಿಂದ ಆ ಕೆಲಸವನ್ನು ತಾವೇ ಮಾಡುತ್ತಾರೆ.

ಆದರೆ ಕಟ್ಟಿದ ಕಾಯಿಗಳನ್ನೆಲ್ಲ ಉಳಿಸಿಕೊಳ್ಳುವ ಆಸೆಗೆ ಬೆಲೆ ತೆರಬೇಕಾಗುತ್ತದೆ. ಕಾಯಿಯೊಳಗಿನ ಎಳೆಯ ಬೀಜಗಳು ಜಿಬ್ಬರೆಲಿನ್ ಎಂಬ ಚೋದಕವನ್ನು ಹೊರಬಿಡುತ್ತವೆ. ಅದು ಪಕ್ಕದ ಮೊಗ್ಗು ಹೂವಾಗುವುದನ್ನು ತಡೆಯುತ್ತದೆ. 1967ರಲ್ಲಿ ಅಮೆರಿಕದಲ್ಲಿ ಬೀಜವಿಲ್ಲದ ಸೇಬಿನ ತಳಿಯೊಂದರ ಮೇಲೆ ನಡೆದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು: ಬೀಜಭರಿತ ಹಣ್ಣು ಹೊತ್ತ ಕವಲು ಮರುವರ್ಷ ಹೂ ಬಿಡಲಿಲ್ಲ, ಬೀಜರಹಿತ ಹಣ್ಣು ಹೊತ್ತದ್ದು ಬಿಟ್ಟಿತು. ತೋಟದ ಸೇಬು ಒಂದು ವರ್ಷ ಮರಮುರಿಯೆ ಬಿಟ್ಟು ಮರುವರ್ಷ ಕೈಕೊಡುವುದಕ್ಕೆ ಒಂದು ಮುಖ್ಯ ಕಾರಣ ಇದು. ಕುಂಡದ ಗಿಡಕ್ಕಂತೂ ಬುತ್ತಿಯೂ ಕಡಿಮೆ. ಎಳೆಯ ಗಿಡವಾದರೆ ಕಾಯಿಗಳನ್ನೆಲ್ಲ ತೆಗೆದುಬಿಡುತ್ತಾರೆ; ಬಲಿತ ಗಿಡವಾದರೆ ಗೊಂಚಲಿಗೊಂದೋ ಎರಡೋ ಉಳಿಸುತ್ತಾರೆ. ಹೂವೂ ಬೇಕು, ಹಣ್ಣೂ ಬೇಕು, ಗಿಡವೂ ಬದುಕಬೇಕು ಎಂದರೆ ಒಂದಿಷ್ಟನ್ನು ಬಿಟ್ಟುಕೊಡದೆ ದಾರಿಯಿಲ್ಲ.

ನೀರು, ಗೊಬ್ಬರ, ಬೇರು

ಕಿರುಸೇಬು ನೀರಿಗೆ ಬಲು ಆಸೆಬುರುಕ. ಆಳವಿಲ್ಲದ ಕುಂಡ ಬೇಗ ಒಣಗುತ್ತದೆ. ನಡುಬೇಸಿಗೆಯಲ್ಲಿ ದಿನಕ್ಕೆರಡು ಬಾರಿ ನೀರು ಬೇಕಾದೀತು. ಕಾಯಿ ಇರುವಾಗ ಒಂದು ದಿನ ಮರೆತರೂ ಗಿಡ ಮೊದಲು ಉದುರಿಸುವುದು ಕಾಯಿಯನ್ನೇ. ಹಾಗೆಂದು ನೀರು ನಿಂತರೂ ಬೇರು ಕೊಳೆಯುತ್ತದೆ. ಅದಕ್ಕಾಗಿ ಜಪಾನಿನಲ್ಲಿ ‘ಅಕಾದಾಮಾ’ ಎಂಬ, ಜ್ವಾಲಾಮುಖಿ ಬೂದಿಯಿಂದಾದ ಹರಳುಮಣ್ಣನ್ನು ಬಳಸುತ್ತಾರೆ. ಹರಳಿನೊಳಗೆ ನೀರು ಉಳಿಯುತ್ತದೆ, ಹರಳುಗಳ ನಡುವೆ ಗಾಳಿಯಾಡುತ್ತದೆ. ಗೊಬ್ಬರವಾಗಿ ಅಲ್ಲಿ ಸಾಸಿವೆಯ ಬಳಗದ ಎಣ್ಣೆಕಾಳಿನ ಹಿಂಡಿಯನ್ನು ಉಂಡೆ ಮಾಡಿ ಮಣ್ಣಿನ ಮೇಲಿಡುವುದು ವಾಡಿಕೆ. ನಮ್ಮಲ್ಲಿ ಹೊಂಗೆ, ಬೇವಿನ ಹಿಂಡಿ ಹಾಕಿದಂತೆ. ಚಿಗುರು ಓಡುವ ಕಾಲದಲ್ಲಿ ಸಾರಜನಕ ಅತಿಯಾದರೆ ಉದ್ದನೆಯ ರೆಂಬೆಗಳೇ ಬಂದು ಹೂವು ಹಿಂದೆ ಬೀಳುತ್ತದೆ.

ಒಂದೆರಡು ವರ್ಷಕ್ಕೊಮ್ಮೆ, ಮೊಗ್ಗು ಉಬ್ಬತೊಡಗಿದಾಗ ಆದರೆ ಬಿರಿಯುವ ಮೊದಲು, ಗಿಡವನ್ನು ಕುಂಡದಿಂದೆತ್ತಿ ಸುರುಳಿ ಸುತ್ತಿದ ಬೇರುಗಳಲ್ಲಿ ಮೂರರಲ್ಲೊಂದು ಪಾಲು ಸವರಿ ಹೊಸ ಮಣ್ಣಿಗೆ ಕೂರಿಸುತ್ತಾರೆ. ನೀರು ಹೀರುವುದು ಬೇರಿನ ಎಳೆಯ ತುದಿ. ಕತ್ತರಿಸಿದಲ್ಲಿ ಹೊಸ ತುದಿಗಳು ಹಲವಾಗಿ ಮೂಡುವುದರಿಂದ ಗಿಡ ಮತ್ತೆ ಎಳೆಯದಾಗುತ್ತದೆ. ಬೇರಿನಲ್ಲಿ ಗಂಟು ಗಂಟಾದ ಗಡ್ಡೆ ಕಂಡರೆ ಎಚ್ಚರ ಬೇಕು. ಅದು ಅಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯದ ಕೆಲಸವಿರಬಹುದು. ತನ್ನ ವಂಶವಾಹಿಯ ತುಣುಕನ್ನೇ ಗಿಡದ ಜೀವಕೋಶಕ್ಕೆ ಸೇರಿಸುವ ಈ ಜೀವಿಯ ಉಪಾಯವನ್ನೇ ವಿಜ್ಞಾನಿಗಳು ಕುಲಾಂತರಿ ಸಸ್ಯ ಸೃಷ್ಟಿಸಲು ಬಳಸಿಕೊಂಡದ್ದು.

ಗಾಯ ಮುಚ್ಚುತ್ತದೆ, ಮಾಯುವುದಿಲ್ಲ

ನಮ್ಮ ಚರ್ಮ ಕೊಯ್ದರೆ ಹೊಸ ಜೀವಕೋಶಗಳು ಹಳೆಯವುಗಳ ಜಾಗ ತುಂಬುತ್ತವೆ. ಮರಕ್ಕೆ ಆ ಭಾಗ್ಯವಿಲ್ಲ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, 1970ರ ದಶಕದಲ್ಲಿ ಒಂದು ಮಾತು ಸ್ಪಷ್ಟಪಡಿಸಿದ: ಮರ ಗಾಯಗೊಂಡ ಭಾಗವನ್ನು ಸರಿಪಡಿಸುವುದಿಲ್ಲ, ಸುತ್ತಲೂ ರಾಸಾಯನಿಕ ಗೋಡೆ ಕಟ್ಟಿ ಪ್ರತ್ಯೇಕಿಸುತ್ತದೆ, ಮೇಲೆ ಹೊಸ ಕಟ್ಟಿಗೆ ಬೆಳೆಸಿ ಮುಚ್ಚುತ್ತದೆ. ಆ ಗಾಯ ಒಳಗೆ ಎಂದೆಂದಿಗೂ ಉಳಿದಿರುತ್ತದೆ. ಆದ್ದರಿಂದ ಹರಿತವಾದ, ಶುಚಿಯಾದ ಕತ್ತರಿಯಿಂದ ನಯವಾಗಿ ಕತ್ತರಿಸಬೇಕು. ಬೋನ್ಸಾಯ್ ಕೆಲಸಕ್ಕೆಂದೇ ಬಾಯಿ ಒಳಬಾಗಿದ ಕತ್ತರಿ ಇದೆ. ಅದು ಮಾಡುವ ತಗ್ಗು ಗಾಯದ ಮೇಲೆ ತೊಗಟೆ ಉಬ್ಬಿಲ್ಲದೆ ಮುಚ್ಚಿಕೊಳ್ಳುತ್ತದೆ. ದೊಡ್ಡ ಗಾಯಕ್ಕೆ ಮೇಣದಂಥ ಲೇಪ ಹಚ್ಚುವುದು ಅಂಚಿನ ಕೇಂಬಿಯಂ ಪದರ ಒಣಗದಿರಲಿ ಎಂದು. ಕೊಳೆತವನ್ನು ತಡೆಯುವ ಮದ್ದು ಅದಲ್ಲ.

ಪಕ್ಕದ ಮನೆಯ ತುಕ್ಕು

ಕಿರುಸೇಬಿನ ರೋಗಗಳಲ್ಲಿ ಒಂದರ ಜೀವನಚರಿತ್ರೆ ಪತ್ತೇದಾರಿ ಕಥೆಯಂತಿದೆ. ವಸಂತದ ಮಳೆ ಬಿದ್ದಾಗ ಜೂನಿಪರ್ ಗಿಡದ ರೆಂಬೆಗಳ ಮೇಲಿನ ಕಂದು ಗಂಟುಗಳು ಉಬ್ಬಿ, ಕಿತ್ತಳೆ ಬಣ್ಣದ ಲೋಳೆಯಾಗುತ್ತವೆ. ಅದು ‘ಜಿಮ್ನೋಸ್ಪೊರಾಂಜಿಯಂ’ ಎಂಬ ಶಿಲೀಂಧ್ರ. ಅದರ ಬೀಜಾಣುಗಳು ಗಾಳಿಯಲ್ಲಿ ಹಾರಿ ಸೇಬಿನ ಎಲೆಯ ಮೇಲಿಳಿದರೆ ಕೆಲವೇ ವಾರಗಳಲ್ಲಿ ಹಳದಿ-ಕಿತ್ತಳೆ ಚುಕ್ಕೆಗಳು. ಬೇಸಿಗೆಯಲ್ಲಿ ಎಲೆಯ ಅಡಿಯಲ್ಲಿ ಸಣ್ಣ ಕೊಳವೆಗಳೆದ್ದು ಬೇರೊಂದು ಬಗೆಯ ಬೀಜಾಣು ಹೊರಬೀಳುತ್ತದೆ. ಇದು ಇನ್ನೊಂದು ಸೇಬಿಗೆ ತಗಲುವುದಿಲ್ಲ. ಮತ್ತೆ ಜೂನಿಪರ್‌ಗೇ ಹೋಗಬೇಕು! ಎರಡು ಮನೆ ಇಲ್ಲದೆ ಇದರ ಸಂಸಾರ ನಡೆಯದು. ಪೇಚಿನ ಸಂಗತಿಯೆಂದರೆ ಬೋನ್ಸಾಯ್ ಅಂಗಳಗಳಲ್ಲಿ ಜೂನಿಪರ್ ಬಹಳ ಮೆಚ್ಚಿನ ಗಿಡ. ಎಲೆ ಮೇಲೆ ಚುಕ್ಕೆ ಕಂಡವರು ಸೇಬನ್ನಷ್ಟೇ ನೋಡಿದರೆ ಸಾಲದು, ಪಕ್ಕದ ಕುಂಡವನ್ನೂ ನೋಡಬೇಕು.

ನಮ್ಮಲ್ಲಿ ಬೆಳೆಯುತ್ತದೆಯೇ?

ಈ ಹೂವನ್ನು ಬೆಂಗಳೂರಿನ ಬಾಲ್ಕನಿಯಲ್ಲಿ ಅರಳಿಸಬಹುದೇ? ಕಷ್ಟ. ಎಲೆ ಉದುರಿಸಿ ಮಲಗಿದ ಸೇಬಿನ ಮೊಗ್ಗು ಎಚ್ಚರಗೊಳ್ಳಲು ಚಳಿಯ ಲೆಕ್ಕ ತುಂಬಬೇಕು. ಸೇಬಿನ ಅನೇಕ ತಳಿಗಳಿಗೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ಸುಮಾರು 1000 ಗಂಟೆ, ಅಂದರೆ ಒಟ್ಟು 42 ದಿನಗಳಷ್ಟು ಬೇಕು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ; ಅದೂ 1884ರ ಜನವರಿಯಲ್ಲಿ! ಇಂಡೋನೇಷ್ಯಾದ ಜಾವಾ ದ್ವೀಪದ ಬಾತು ಎಂಬಲ್ಲಿ ರೈತರು ಕೊಯ್ಲಿನ ನಂತರ ಸೇಬಿನ ಎಲೆಗಳನ್ನೆಲ್ಲ ಕೈಯಿಂದ ಕಿತ್ತು, ಗಿಡ ಗಾಢನಿದ್ರೆಗೆ ಇಳಿಯುವ ಮೊದಲೇ ಎಬ್ಬಿಸುತ್ತಾರೆ. ಚಳಿ ಕಡಿಮೆ ಬೇಡುವ ‘ಅನ್ನಾ’ದಂಥ ತಳಿಗಳೂ ಬಂದಿವೆ. ಆದರೂ ಕುಂಡದ ಕಲೆಗೆ ನಮ್ಮ ಹವೆಗೆ ಒಗ್ಗಿದ ಆಲ, ಅತ್ತಿ, ಹುಣಸೆ, ಬೋಗನ್‌ವಿಲ್ಲಾಗಳೇ ವಾಸಿ.

ಗಿಡ ಬೇರೆಯಾದರೂ ಪಾಠ ಅದೇ. ವಿಜಯಪುರದ ದ್ರಾಕ್ಷಿ ಬೆಳೆಗಾರರನ್ನು ಕೇಳಿ ನೋಡಿ. ಅವರು ವರ್ಷಕ್ಕೆ ಎರಡು ಸಲ ಚಾಟನಿ ಮಾಡುತ್ತಾರೆ. ಏಪ್ರಿಲ್ ಚಾಟನಿಯ ನಂತರ ಬರುವ ಹೊಸ ಕಡ್ಡಿಯ ಮೊಗ್ಗುಗಳಲ್ಲಿ ಮುಂದಿನ ಗೊಂಚಲಿನ ತೀರ್ಮಾನವಾಗುತ್ತದೆ. ಅಕ್ಟೋಬರ್ ಚಾಟನಿಯಲ್ಲಿ ಆ ಮೊಗ್ಗು ಎಲ್ಲಿದೆಯೆಂದು ನೋಡಿ, ಅದನ್ನು ಉಳಿಸಿ ಕತ್ತರಿ ಹಾಕುತ್ತಾರೆ. ಮನೆ ಹಿತ್ತಲಿನ ದಾಸವಾಳ, ಗುಲಾಬಿಗಳು ಹೊಸ ಚಿಗುರಿನಲ್ಲಿ ಹೂ ಬಿಡುವಂಥವು, ಸವರಿದಷ್ಟೂ ಹೂವು. ಮಾವು ಹಾಗಲ್ಲ, ಬಲಿತ ರೆಂಬೆಯ ತುದಿಯಲ್ಲಿ ಹೂ ಬಿಡುವಂಥದ್ದು. ದೀಪಾವಳಿ ಕಳೆದ ಮೇಲೆ ಮಾವಿನ ಕೊಂಬೆಗಳ ತುದಿಯನ್ನೆಲ್ಲ ಸವರಿದವರು ಯುಗಾದಿಯ ಮಾವಿನಕಾಯಿ ಚಿತ್ರಾನ್ನಕ್ಕೆ ಸಂತೆಗೆ ಹೋಗಬೇಕಾದೀತು. ಹೀಗಾಗಿ ಯಾವ ಗಿಡಕ್ಕೇ ಕತ್ತರಿ ಹಾಕುವ ಮುನ್ನವೂ ಅದು ಎಲ್ಲಿ ಹೂ ಬಿಡುತ್ತದೆ, ಆ ಮೊಗ್ಗು ಎಂದು ಹುಟ್ಟುತ್ತದೆ ಎಂದು ಒಂದು ವರ್ಷ ಸುಮ್ಮನೆ ಗಮನಿಸುವುದು ಒಳ್ಳೆಯದು.

ಮಾಡಿ ನೋಡಿ

ಮೂರು ಕುಂಡಗಳಲ್ಲಿ ಅಲಸಂದೆ ಬೀಜ ಬಿತ್ತಿ. ಸಸಿಗಳಿಗೆ ನಾಲ್ಕೈದು ಎಲೆ ಬಂದಾಗ ಮೊದಲನೆಯದನ್ನು ಹಾಗೇ ಬಿಡಿ. ಎರಡನೆಯದರ ತುದಿಕುಡಿಯನ್ನು ಚಿವುಟಿ. ಮೂರನೆಯದರಲ್ಲಿ ತುದಿಯನ್ನು ಮುಟ್ಟದೆ ಕೆಳಗಿನ ಒಂದು ಎಲೆಯನ್ನು ಮಾತ್ರ ಕತ್ತರಿಸಿ. ಎರಡು ವಾರ ಬಿಟ್ಟು ಪ್ರತಿ ಗಿಡದ ಪಕ್ಕದ ಕವಲುಗಳನ್ನು ಎಣಿಸಿ ಬರೆಯಿರಿ. ಕವಲೊಡೆಯಲು ಕಾರಣ ಬರೀ ಗಾಯವೋ ಅಥವಾ ತುದಿ ಇಲ್ಲದಿರುವುದೋ? ಮೂರನೆಯ ಕುಂಡ ಏಕೆ ಬೇಕಾಯಿತೆಂದು ಮನೆಯವರೊಡನೆ ಚರ್ಚಿಸಿ. ಚಿವುಟಿದ ದಿನದ ತಾರೀಖನ್ನು ಕುಂಡದ ಮೇಲೆ ಬರೆದಿಡುವುದನ್ನು ಮಾತ್ರ ಮರೆಯಬೇಡಿ.